ಗಿಡದ ಅಕ್ವೇರಿಯಂನಲ್ಲಿ ಪಾಚಿ: ಬಣ್ಣ ನೋಡಿ ಕಾರಣ ಹಿಡಿಯುವುದು

ತೊಟ್ಟಿಯಲ್ಲಿ ಪಾಚಿ ಕಂಡ ತಕ್ಷಣ ಮೀನಿನ ಅಂಗಡಿಗೆ ಓಡಬೇಡಿ. ಓಡಿದರೆ ಎರಡರಲ್ಲಿ ಒಂದು ಕೈಗೆ ಬರುತ್ತದೆ: ಪಾಚಿ ಔಷಧಿಯ ಬಾಟಲಿ, ಇಲ್ಲವೇ ಪಾಚಿ ತಿನ್ನುತ್ತದೆ ಅಂತ ಮಾರುವ ಒಂದು ಸಕ್ಕರ್ ಫಿಶ್. ನಾನು ಎರಡನ್ನೂ ತಂದವನೇ. ಬಾಟಲಿಯಿಂದ ಪಾಚಿ ಹತ್ತು ದಿನ ಮಾಯವಾಗಿ ಮತ್ತೆ ಬಂತು. ಸಕ್ಕರ್ ಫಿಶ್ ಪಾಚಿ ಬಿಟ್ಟು ಗಿಡದ ಎಲೆ ಕೆರೆಯಿತು.

ಪಾಚಿ ಎಲ್ಲಿ ಕೂತಿದೆ, ಯಾವ ಬಣ್ಣ, ಕೈಗೆ ಹೇಗೆ ಸಿಗುತ್ತದೆ ಅನ್ನುವುದರಿಂದಲೇ ಮುಕ್ಕಾಲು ಪಾಲು ಕಾರಣ ಗೊತ್ತಾಗುತ್ತದೆ. ಅದನ್ನು ಓದುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ನನ್ನ ತೊಟ್ಟಿ ಬೆಂಗಳೂರಿನ ಒಂದು ಫ್ಲ್ಯಾಟಿನಲ್ಲಿದೆ. 2 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ಲೆಕ್ಕಕ್ಕೆ 70 ಲೀಟರ್. ಮಣ್ಣು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು 55 ಲೀಟರ್ ಅಷ್ಟೇ. ನಿಮ್ಮ ತೊಟ್ಟಿಗೂ ಈ ಲೆಕ್ಕ ಮಾಡಿ ಬರೆದಿಡಿ, ಮುಂದೆ ಬೇಕಾಗುತ್ತದೆ.

## ಮೊದಲು ಪ್ಲಗ್, ಆಮೇಲೆ ಕೈ

ನೀರಿಗೆ ಕೈ ಹಾಕುವ ಮೊದಲು ಲೈಟು, ಫಿಲ್ಟರು, ಹೀಟರು ಮೂರರ ಪ್ಲಗ್ಗನ್ನೂ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ವೈರಿಂಗ್ ತಪ್ಪಾಗಿದ್ದರೆ ಸ್ವಿಚ್ ಆಫ್ ಆಗಿದ್ದರೂ ಕರೆಂಟ್ ತೊಟ್ಟಿಯವರೆಗೆ ಬಂದು ನಿಂತಿರುತ್ತದೆ. ಹೀಟರ್ ಇದ್ದರೆ ಆಫ್ ಮಾಡಿ 15 ನಿಮಿಷ ಬಿಟ್ಟು ನೀರು ತೆಗೆಯಿರಿ. ಬಿಸಿ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜು ಸೀಳುತ್ತದೆ. ವೈರುಗಳು ಸಾಕೆಟ್ಟಿಗಿಂತ ಕೆಳಗೆ ಜೋತು, ಆಮೇಲೆ ಮೇಲೇರುವಂತಿರಲಿ. ಆಗ ವೈರಿನ ಮೇಲೆ ಹರಿದ ನೀರು ಸಾಕೆಟ್ಟಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಮನೆಯಲ್ಲಿ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸಿ. ನೀರು ಮುಟ್ಟಿದಾಗ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ, ಮೇನ್ ಆಫ್ ಮಾಡಿ. ಅವತ್ತು ಪಾಚಿಯ ಕೆಲಸ ಬೇಡ.

## ದುಡ್ಡು ಖರ್ಚಿಲ್ಲದ ಪರೀಕ್ಷೆ

ಯಾವ ಬಗೆಯ ಪಾಚಿ ಬಂದಿದ್ದರೂ ಇಲ್ಲಿಂದಲೇ ಶುರು ಮಾಡಿ.

ಲೈಟು ಎಷ್ಟು ಗಂಟೆ? ನಮ್ಮ ಮನೆಗಳಲ್ಲಿ ಹಾಲ್‌ನಲ್ಲಿ ಜನ ಇರುವಷ್ಟು ಹೊತ್ತೂ ತೊಟ್ಟಿಯ ಲೈಟ್ ಉರಿಯುತ್ತದೆ. ಬೆಳಗ್ಗೆ ಕಾಫಿಗೆ ಎದ್ದವರು ಹಾಕುತ್ತಾರೆ, ರಾತ್ರಿ ಸೀರಿಯಲ್ ಮುಗಿಸಿದವರು ಆರಿಸುತ್ತಾರೆ. ಲೆಕ್ಕ ಹಾಕಿದರೆ 14 ಗಂಟೆ. ಗಿಡಕ್ಕೆ 8 ಗಂಟೆ ಸಾಕು. ಪಾಚಿ ಇರುವಾಗ 6 ಗಂಟೆಗೆ ಇಳಿಸಿ. ಮಾತಿನಲ್ಲಿ ಇಳಿಸಿದರೆ ಆಗಲ್ಲ, ಪ್ಲಗ್ಗಿಗೆ ಹಾಕುವ ಒಂದು ಟೈಮರ್ ತನ್ನಿ. ಸಂಜೆ ನೋಡುವ ಆಸೆ ಇದ್ದರೆ 4ರಿಂದ 10ಕ್ಕೆ ಇಡಿ. ಇಡೀ ಪಾಚಿ ಚಿಕಿತ್ಸೆಯಲ್ಲಿ ನಾನು ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸಿದ ಒಂದೇ ವಸ್ತು ಈ ಟೈಮರ್.

ಬಿಸಿಲು ಬೀಳುತ್ತದಾ? "ಇಲ್ಲ" ಅಂತ ಹೇಳುವ ಮೊದಲು ಒಂದು ಭಾನುವಾರ ಗಂಟೆಗೊಮ್ಮೆ ನೋಡಿ. ದಕ್ಷಿಣದ ಕಿಟಕಿಯಿಂದ ಮೇ ತಿಂಗಳಲ್ಲಿ ಒಳಗೆ ಬಾರದ ಬಿಸಿಲು ಡಿಸೆಂಬರ್-ಜನವರಿಯಲ್ಲಿ ಸೋಫಾ ದಾಟಿ ತೊಟ್ಟಿಗೆ ಬರುತ್ತದೆ. ಪ್ರತಿ ವರ್ಷ ಸಂಕ್ರಾಂತಿ ಹೊತ್ತಿಗೆ ನನ್ನ ತೊಟ್ಟಿ ಕೆಡುತ್ತಿದ್ದದ್ದಕ್ಕೆ ಇದೇ ಕಾರಣ. ಕಂಡುಹಿಡಿಯಲು ಮೂರು ವರ್ಷ ಬೇಕಾಯಿತು. ಬಿಸಿಲು ಬೀಳುವ ಬದಿಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿದೆ, ಅಷ್ಟೇ.

ಊಟ ಯಾರು ಯಾರು ಹಾಕುತ್ತಾರೆ? ಅಜ್ಜಿ ಒಮ್ಮೆ, ಮಗು ಒಮ್ಮೆ, ನೀವೊಮ್ಮೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದೇ ಸಲ ಸಾಕು. ವಾರಕ್ಕೊಂದು ಉಪವಾಸ ಇದ್ದರೂ ದೊಡ್ಡ ಮೀನಿಗೆ ಏನೂ ಆಗಲ್ಲ.

ಫಿಲ್ಟರ್ ನೀರು ಮೊದಲಿನಷ್ಟು ಜೋರಾಗಿ ಬರುತ್ತಿದೆಯಾ? ಕಡಿಮೆಯಾಗಿದ್ದರೆ ಸ್ಪಂಜು ಕಟ್ಟಿದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ನಲ್ಲಿ ನೀರಿನ ಕ್ಲೋರಿನ್ ಸ್ಪಂಜಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಆಮೇಲೆ ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಏರುತ್ತದೆ, ಅದರ ಹಿಂದೆಯೇ ಪಾಚಿ. ಗಂಟೆಗಟ್ಟಲೆ ಕರೆಂಟ್ ಹೋದಾಗಲೂ ಹೀಗೇ. ಹೊರಗೆ ಇಡುವ ಡಬ್ಬಿ ಫಿಲ್ಟರಿನೊಳಗೆ ನಿಂತ ನೀರಿನಲ್ಲಿ ಆಮ್ಲಜನಕ ಮುಗಿದು ಕೊಳೆತ ವಾಸನೆ ಬರುತ್ತದೆ. ಕರೆಂಟ್ ಬಂದ ಕೂಡಲೇ ಅದನ್ನು ತೊಟ್ಟಿಗೆ ಬಿಡಬೇಡಿ. ಒಳಗಿನ ನೀರು ಚೆಲ್ಲಿ ಆಮೇಲೆ ಆನ್ ಮಾಡಿ.

ಇದರ ಜೊತೆಗೆ ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿ, ಹಳದಿಯಾದ, ತೂತು ಬಿದ್ದ ಎಲೆಗಳನ್ನು ಕತ್ತರಿಸಿ ತೆಗೆಯಿರಿ. ಸಾಯುತ್ತಿರುವ ಎಲೆ ಪಾಚಿಗೆ ಹೊಲ ಇದ್ದಹಾಗೆ. ಆಮೇಲೆ ಎರಡು ವಾರ ಸುಮ್ನೆ ಇರಿ. ಒಂದೇ ದಿನ ಐದು ಬದಲಾವಣೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದೇ ಇಲ್ಲ.

## ಕಂದು ಪುಡಿ, ಬೆರಳಲ್ಲಿ ಒರೆಸಿದರೆ ಹೋಗುತ್ತದೆ

ತೊಟ್ಟಿ ಹಾಕಿ ಎರಡು ತಿಂಗಳು ಆಗಿಲ್ಲ ಅಂದರೆ ಇದು ಡಯಾಟಮ್. ಚಿಂತೆ ಬೇಡ. ಹೊಸ ತೊಟ್ಟಿಗೆಲ್ಲಾ ಬರುತ್ತದೆ, ತಾನೇ ಹೋಗುತ್ತದೆ. ಒರೆಸಿ, ನೀರು ಬದಲಿಸಿ, ಕಾಯಿರಿ. ಹಳೆಯ ತೊಟ್ಟಿಯಲ್ಲಿ ಬಿಡದೆ ಬರುತ್ತಿದ್ದರೆ ನೀರಿನಲ್ಲಿ ಸಿಲಿಕೇಟ್ ಇದೆಯಾ ಅಂತ ಅನುಮಾನಿಸಿ. ಬೋರ್‌ವೆಲ್ ನೀರಿನಲ್ಲಿ ಅದು ಜಾಸ್ತಿ ಇರಬಹುದು. ಅರ್ಧ ಬೋರ್, ಅರ್ಧ ಆರ್‌ಒ ನೀರು ಬೆರೆಸಿ ನೋಡಿ.

## ಗಾಜಿನ ಮೇಲೆ ಹಸಿರು

ಇದರಲ್ಲಿ ಎರಡು ಜಾತಿ. ಉಗುರಿಂದ ಕೆರೆದು ನೋಡಿ.

ಮೆತ್ತಗೆ ಪುಡಿಯಂತೆ ಬಂದು ನೀರಿನಲ್ಲಿ ಮೋಡದ ಹಾಗೆ ಹರಡಿದರೆ ಅದು ಹಸಿರು ಧೂಳಿನ ಪಾಚಿ. ದಿನಾ ಒರೆಸಿದರೆ ದಿನಾ ಬರುತ್ತದೆ. ಮನಸ್ಸು ಗಟ್ಟಿ ಮಾಡಿ ಮೂರ್ನಾಲ್ಕು ವಾರ ಮುಟ್ಟದೆ ಬಿಡಿ. ದಪ್ಪಗಾಗಿ ತಾನೇ ಕಳಚಲು ಶುರುವಾಗುತ್ತದೆ. ಆಗ ಒಮ್ಮೆಗೇ ಒರೆಸಿ, ಅರ್ಧ ನೀರು ಬದಲಿಸಿ. ಮನೆಗೆ ಬಂದವರು "ಏನ್ರೀ ಇದು" ಅನ್ನುತ್ತಾರೆ. ಅನ್ನಲಿ.

ಗಟ್ಟಿ ಚುಕ್ಕಿ, ಉಗುರಿಗೂ ಬಗ್ಗುವುದಿಲ್ಲ ಅಂದರೆ ಹಸಿರು ಚುಕ್ಕಿ ಪಾಚಿ. ನಿಧಾನವಾಗಿ ಬೆಳೆಯುವ ಅನುಬಿಯಾಸ್‌ನಂಥ ಗಿಡದ ಎಲೆಯ ಮೇಲೂ ಇದು ಕೂರುತ್ತದೆ. ಬೆಳಕು ಜಾಸ್ತಿ, ಫಾಸ್ಫೇಟ್ ಕಡಿಮೆ ಅನ್ನುವುದು ಇದರ ಸಾಮಾನ್ಯ ಅರ್ಥ. ಪಾಚಿ ಅಂದರೆ ಗೊಬ್ಬರ ಹೆಚ್ಚಾಗಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲಿ ಉಲ್ಟಾ, ಗೊಬ್ಬರ ಸಾಲದೆ ಬಂದದ್ದು. ಟೆಸ್ಟ್ ಕಿಟ್‌ನಲ್ಲಿ ಫಾಸ್ಫೇಟ್ ಸೊನ್ನೆ ತೋರಿಸಿದರೆ ಅಕ್ವೇರಿಯಂ ಗಿಡಗಳ ಗೊಬ್ಬರದಿಂದ 1ರಿಂದ 2 ಪಿಪಿಎಂಗೆ (ಲೀಟರಿಗೆ ಅಷ್ಟು ಮಿಲಿಗ್ರಾಂ) ಏರಿಸಿ. ಹಳೆಯ ಚುಕ್ಕಿ ಹೋಗಲ್ಲ, ಹೊಸದು ನಿಲ್ಲುತ್ತದೆ. ಗಾಜಿನದನ್ನು ಹಳೆಯ ಎಟಿಎಂ ಕಾರ್ಡಿನಿಂದ ಕೆರೆಯಿರಿ. ಬ್ಲೇಡ್ ಬಳಸಿದರೆ ಮೂಲೆಯ ಸಿಲಿಕಾನ್ ಅಂಟಿಗೆ ತಾಗದಂತೆ ನೋಡಿ, ಅದು ಹರಿದರೆ ತೊಟ್ಟಿ ಸೋರುತ್ತದೆ. ಅಕ್ರಿಲಿಕ್ ತೊಟ್ಟಿಗೆ ಬ್ಲೇಡ್ ಬೇಡವೇ ಬೇಡ.

## ನೀರೇ ಹಸಿರಾಗಿದೆ

ಬಿಳಿ ಲೋಟಕ್ಕೆ ನೀರು ತುಂಬಿ ಬೆಳಕಿನಲ್ಲಿ ನೋಡಿ. ಹಸಿರು ಕಂಡರೆ ತೇಲುವ ಪಾಚಿ. ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿದ್ದರೆ ಅದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ಹೊಸ ತೊಟ್ಟಿಯಲ್ಲಿ ಕೆಲವು ದಿನದಲ್ಲಿ ತಾನೇ ತಿಳಿಯಾಗುತ್ತದೆ.

ಹಸಿರು ನೀರಿಗೆ ಬಿಸಿಲು ಮತ್ತು ಅಮೋನಿಯಾ ಮುಖ್ಯ ಕಾರಣ. ಮಣ್ಣು ಕೆದಕಿ ಗಿಡ ಕಿತ್ತು ಮತ್ತೆ ನೆಟ್ಟಿರಾ? ಕಲ್ಲಿನ ಸಂದಿಯಲ್ಲಿ ಮೀನು ಸತ್ತಿದೆಯಾ? ಮೀನುಗಳನ್ನು ಎಣಿಸಿ. ಅಮೋನಿಯಾ ಪರೀಕ್ಷೆ ಸೊನ್ನೆ ಬರಬೇಕು.

ನೀರು ಬದಲಿಸಿದರೆ ಇದು ಹೋಗುವುದಿಲ್ಲ, ಎರಡೇ ದಿನದಲ್ಲಿ ವಾಪಸ್. ಕತ್ತಲೆ ಚಿಕಿತ್ಸೆ ಮಾಡಿ. ಅರ್ಧ ನೀರು ಬದಲಿಸಿ, ಲೈಟ್ ಆರಿಸಿ, ತೊಟ್ಟಿಗೆ ಪೂರ್ತಿ ದಪ್ಪ ಕಂಬಳಿ ಹೊದಿಸಿ 3ರಿಂದ 4 ದಿನ ಬಿಡಿ. ಊಟ ಬೇಡ, ಗಿಡಕ್ಕೆಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತಿದ್ದರೆ ಅದೂ ಬೇಡ. ಇಣುಕಿ ನೋಡುವುದೂ ಬೇಡ. ಆದರೆ ಗಾಳಿ ಪಂಪು ಹಗಲೂ ರಾತ್ರಿ ಓಡಲೇಬೇಕು. ಕತ್ತಲಲ್ಲಿ ಗಿಡ, ಪಾಚಿ ಎರಡೂ ಆಮ್ಲಜನಕ ಬಳಸುತ್ತವೆ, ಸತ್ತ ಪಾಚಿ ಕೊಳೆಯಲು ಇನ್ನಷ್ಟು ಬೇಕು. ಏಪ್ರಿಲ್-ಮೇ ಬಿಸಿಗೆ ನೀರು ಹಿಡಿದಿಡುವ ಆಮ್ಲಜನಕವೇ ಕಡಿಮೆ. ಕಲಬುರಗಿ, ರಾಯಚೂರಿನ ಕಡೆಯವರು ಬೇಸಿಗೆಯಲ್ಲಿ ಕಂಬಳಿ ಹೊದಿಸುವ ಬದಲು ಅತಿನೇರಳೆ ದೀಪದಿಂದ ಪಾಚಿ ಕೊಲ್ಲುವ ಯುವಿ ಫಿಲ್ಟರ್ ಯಾರ ಹತ್ತಿರವಾದರೂ ವಾರದ ಮಟ್ಟಿಗೆ ಎರವಲು ತರುವುದು ಒಳ್ಳೆಯದು. ಹಸಿರು ನೀರಿಗೆ ಅದರಷ್ಟು ಖಚಿತವಾದದ್ದು ಬೇರೆ ಇಲ್ಲ. ದೀಪ ಉರಿಯುವಾಗ ಅದನ್ನು ಬಿಚ್ಚಿ ನೋಡಬೇಡಿ, ಕಣ್ಣಿಗೆ ಪೆಟ್ಟು.

## ಹಸಿರು ಕೂದಲು, ದಾರ, ಹತ್ತಿ

ಗಿಡದ ತುದಿಗೆ ಶಾವಿಗೆ ಸುತ್ತಿದಂತೆ ಇರುತ್ತದೆ. ಹಳೆಯ ಟೂತ್‌ಬ್ರಷ್ ಹಾಕಿ ತಿರುಗಿಸಿ, ಉಂಡೆ ಉಂಡೆಯಾಗಿ ಬರುತ್ತದೆ. ಆದಷ್ಟೂ ಕೈಯಿಂದಲೇ ತೆಗೆಯಿರಿ.

ಅರ್ಥ ಏನಂದರೆ, ಇರುವ ಬೆಳಕನ್ನು ತಿಂದು ಮುಗಿಸುವಷ್ಟು ಗಿಡ ಇಲ್ಲ, ಅಥವಾ ಇರುವ ಗಿಡ ಹಸಿದಿದೆ. ಗಿಡಕ್ಕೆ ಗೊಬ್ಬರವಾಗುವ ನೈಟ್ರೇಟ್ 10ರಿಂದ 20 ಪಿಪಿಎಂ ಇದ್ದರೆ ಸರಿ. ಬೇಗ ಬೆಳೆಯುವ ಗಿಡ ತುಂಬಿ. ಹಾರ್ನ್‌ವರ್ಟ್, ಹೈಗ್ರೋಫಿಲಾ, ಮೇಲೆ ತೇಲಲು ಒಂದು ಹಿಡಿ ಅಂತರಗಂಗೆ. ಅಂತರಗಂಗೆ ನೆರಳೂ ಕೊಡುತ್ತದೆ, ಗೊಬ್ಬರವನ್ನೂ ಹೀರುತ್ತದೆ. ವಾರವಾರ ಅರ್ಧ ತೆಗೆಯದಿದ್ದರೆ ಮಾತ್ರ ತೊಟ್ಟಿ ತನ್ನದೇ ಅನ್ನುತ್ತದೆ.

ಕೈಯಿಂದ ತೆಗೆದ ಮೇಲೆ ಉಳಿದದ್ದಕ್ಕೆ ಅಮಾನೊ ಸೀಗಡಿ ಒಳ್ಳೆಯ ಕೆಲಸಗಾರ. ಜಪಾನಿನ ತಕಾಶಿ ಅಮಾನೊ ತಮ್ಮ ಗಿಡದ ತೊಟ್ಟಿಗಳಲ್ಲಿ ಬಳಸಿ ಜನಪ್ರಿಯ ಮಾಡಿದ್ದರಿಂದ ಆ ಹೆಸರು. ಒಂದು ನೆನಪಿಡಿ: ತಾಮ್ರ ಇರುವ ಪಾಚಿ ಔಷಧಿ ಸೀಗಡಿಗೆ ವಿಷ. ಬಾಟಲಿ ಮೇಲೆ ಏನೇನಿದೆ ಅಂತ ಬರೆದಿಲ್ಲದಿದ್ದರೆ ಹಾಕಲೇಬೇಡಿ.

## ಕಪ್ಪು ಗಡ್ಡ, ಬೂದು ಕುಂಚ

ಎಲೆಯ ಅಂಚಿಗೆ, ಫಿಲ್ಟರ್ ಪೈಪಿಗೆ, ಕಟ್ಟಿಗೆಗೆ ಕಪ್ಪು ಗಡ್ಡ ಬೆಳೆದಂತೆ. ಎಳೆದರೆ ಎಲೆಯೇ ಹರಿಯುತ್ತದೆ. ಒಂದು ತುಂಡನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹಾಕಿ ನೋಡಿ. ಕೆಂಪಾದರೆ ಅನುಮಾನವೇ ಇಲ್ಲ. ನೋಡಲು ಕಪ್ಪಾದರೂ ಇದು ಕೆಂಪು ಪಾಚಿಗಳ ಕುಲಕ್ಕೆ ಸೇರಿದ್ದು.

ನನ್ನನ್ನು ಅತ್ಯಂತ ಜಾಸ್ತಿ ಕಾಡಿದ್ದು ಇದೇ. ಕಾರಣ ಸಾಮಾನ್ಯವಾಗಿ ಎರಡು: ಏರುಪೇರಾಗುವ ಕಾರ್ಬನ್ ಡೈಆಕ್ಸೈಡ್, ಮತ್ತು ತಳದಲ್ಲಿ ಕೂತ ಕೊಳಕು. ಕಾರ್ಬನ್ ಡೈಆಕ್ಸೈಡ್‌ಗೆ ಸಕ್ಕರೆ-ಯೀಸ್ಟ್ ಬಾಟಲಿ ಬಳಸುವವರು ಗಮನಿಸಿ. ಮೊದಲ ವಾರ ಬುಳುಬುಳು ಅನ್ನುತ್ತದೆ, ಎರಡನೇ ವಾರ ಮಂಕು, ಚಳಿಯ ರಾತ್ರಿ ಇನ್ನೂ ಮಂಕು. ಗಿಡ ಒಂದು ಮಟ್ಟಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಮಟ್ಟ ಬದಲು. ಸಿಟ್ರಿಕ್ ಆಮ್ಲ-ಅಡುಗೆ ಸೋಡಾದ ಕಿಟ್ ಅಥವಾ ಸಿಲಿಂಡರ್ ಇದಕ್ಕಿಂತ ಸ್ಥಿರ. ಅಷ್ಟು ಖರ್ಚು ಬೇಡವಾ? ಕಾರ್ಬನ್ ಡೈಆಕ್ಸೈಡ್ ಪೂರ್ತಿ ನಿಲ್ಲಿಸಿ, ಬೆಳಕು ಇಳಿಸಿ, ಅನುಬಿಯಾಸ್, ಕ್ರಿಪ್ಟೊಕೊರೈನ್‌ನಂಥ ಗಿಡಗಳಲ್ಲಿ ಸಂತೋಷವಾಗಿರಿ. ಅರ್ಧಂಬರ್ಧಕ್ಕಿಂತ ಇಲ್ಲದಿರುವುದು ವಾಸಿ.

ಹಾಕುವುದಾದರೆ ಲೈಟಿಗಿಂತ ಒಂದೆರಡು ಗಂಟೆ ಮುಂಚೆ ಶುರುವಾಗಲಿ. ನೀರಿನ ಕಾರ್ಬನ್ ಡೈಆಕ್ಸೈಡ್ ಮಟ್ಟವನ್ನು ಬಣ್ಣದಲ್ಲಿ ತೋರಿಸುವ ಡ್ರಾಪ್ ಚೆಕರ್ ನೀಲಿ ಇದ್ದರೆ ಸಾಲದು, ಹಸಿರು ಇದ್ದರೆ ಸರಿ, ಹಳದಿ ಆದರೆ ಮೀನಿಗೆ ಅಪಾಯ. ಅದರ ಬಣ್ಣ ಒಂದೆರಡು ಗಂಟೆ ಹಿಂದಿನ ಸುದ್ದಿ ಅನ್ನುವುದು ಗೊತ್ತಿರಲಿ.

ಬೆಂಗಳೂರಿನವರಿಗೆ ಇನ್ನೊಂದು ತಲೆನೋವು. ಒಂದು ವಾರ ಕಾವೇರಿ ನೀರು, ಮುಂದಿನ ವಾರ ಟ್ಯಾಂಕರ್. ಒಂದು ಮೆತ್ತನೆ ನೀರು, ಇನ್ನೊಂದು ಗಡಸು. ಬದಲಿಸುವ ಮುಂಚೆ ಟಿಡಿಎಸ್ ಪೆನ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಮೀಟರ್) ಅದ್ದಿ ನೋಡಿ. ತೊಟ್ಟಿಗೂ ಬಕೆಟ್ಟಿಗೂ ತುಂಬಾ ವ್ಯತ್ಯಾಸ ಇದ್ದರೆ ಅವತ್ತು ಸ್ವಲ್ಪವೇ ಬದಲಿಸಿ. ನಲ್ಲಿ ನೀರನ್ನು ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕ್ಲೋರಿನ್‌ಗೆ ಅಮೋನಿಯಾ ಸೇರಿದ ಕ್ಲೋರಮಿನ್ ಹಾಗೆ ಹೋಗುವುದಿಲ್ಲ, ಅದಕ್ಕೆ ಕ್ಲೋರಿನ್ ನಿವಾರಕ ದ್ರವ ಬೇಕು.

ಈಗಾಗಲೇ ಬೆಳೆದ ಗಡ್ಡಕ್ಕೆ: ಹಾಳಾದ ಎಲೆ ಕತ್ತರಿಸಿ. ಕಲ್ಲು, ಪೈಪುಗಳನ್ನು ಹೊರಗೆ ತೆಗೆದು ಉಜ್ಜಿ. ಉಳಿದದ್ದಕ್ಕೆ ಹೈಡ್ರೋಜನ್ ಪೆರಾಕ್ಸೈಡ್. ಇಲ್ಲಿ ನನ್ನ ಕತೆ ಹೇಳಲೇಬೇಕು. ಓದಿದ ಲೆಕ್ಕವೆಲ್ಲಾ 3% ದ್ರಾವಣಕ್ಕೆ. ನಮ್ಮ ಮೆಡಿಕಲ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು 6%, ಬಾಟಲಿ ಮೇಲೆ "20 ವಾಲ್ಯೂಮ್" ಅಂತ ಇರುತ್ತದೆ. ನಾನು ನೋಡಲಿಲ್ಲ. ಸಾಲದಕ್ಕೆ 55 ಲೀಟರ್ ಬದಲು 70ಕ್ಕೆ ಲೆಕ್ಕ ಹಾಕಿ, ಇರಲಿ ಅಂತ ಸ್ವಲ್ಪ ಜಾಸ್ತಿಯೂ ಬಿಟ್ಟೆ. ಬೆಳಗ್ಗೆ ಎದ್ದಾಗ 11 ಸೀಗಡಿಗಳು ಕೆಂಪಗೆ ಮಲಗಿದ್ದವು. ಗಡ್ಡ ಮಾತ್ರ ಅರ್ಧ ಹಾಗೇ ಇತ್ತು.

ಸರಿಯಾದ ರೀತಿ ಹೀಗೆ. 6% ಇದ್ದರೆ ಅಷ್ಟೇ ಅಳತೆಯ ಶುದ್ಧ ನೀರು ಬೆರೆಸಿ 3% ಮಾಡಿಕೊಳ್ಳಿ. ನಿಜವಾದ ನೀರಿನ ಪ್ರತಿ 10 ಲೀಟರಿಗೆ ದಿನಕ್ಕೆ 3 ಮಿ.ಲೀ. ಮೀರಬೇಡಿ. ಫಿಲ್ಟರ್ ನಿಲ್ಲಿಸಿ, ಸೂಜಿ ತೆಗೆದ ಸಿರಿಂಜಿನಿಂದ ಗಡ್ಡದ ಮೇಲೆ ನಿಧಾನವಾಗಿ ಬಿಡಿ. ಗುಳ್ಳೆ ಏಳುತ್ತವೆ. 5 ನಿಮಿಷ ಬಿಟ್ಟು ಫಿಲ್ಟರ್ ಆನ್ ಮಾಡಿ. ಕೆಲವು ದಿನದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಸತ್ತಿದೆ. ಮಾಸ್ ಜಾತಿಯ ಗಿಡಗಳು, ವ್ಯಾಲಿಸ್ನೇರಿಯಾ ಇದನ್ನು ತಡೆಯುವುದಿಲ್ಲ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಕಣ್ಣಿಗೆ ಹಾರಿದರೆ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಹತ್ತಿರ ಹೋಗಿ. "ಲಿಕ್ವಿಡ್ ಕಾರ್ಬನ್" ಹೆಸರಲ್ಲಿ ಸಿಗುವ ಹಲವು ಬಾಟಲಿಗಳಲ್ಲಿರುವುದು ಗ್ಲುಟರಾಲ್ಡಿಹೈಡ್, ಆಸ್ಪತ್ರೆಯ ಉಪಕರಣ ಶುದ್ಧ ಮಾಡುವ ರಾಸಾಯನಿಕ. ಅದರ ಆವಿ ಉಸಿರಿಗೂ ಕಣ್ಣಿಗೂ ಕೆಟ್ಟದ್ದು. ಮಕ್ಕಳಿರುವ, ಆಸ್ತಮಾ ಇರುವ ಮನೆಯಲ್ಲಿ ನಾನಂತೂ ಇಡುವುದಿಲ್ಲ.

## ನೀಲಿ-ಹಸಿರು ಲೋಳೆ, ಕೆಟ್ಟ ವಾಸನೆ

ಹಾಲಿನ ಕೆನೆಯಂತೆ ಪದರ ಪದರವಾಗಿ ಎದ್ದು ಬರುತ್ತದೆ. ಮೂಗಿಗೆ ಹಿಡಿದರೆ ಚರಂಡಿ ಪಕ್ಕದ ಮಣ್ಣಿನ ವಾಸನೆ. ಇದು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಸೀಗಡಿ, ಬಸವನಹುಳು ಯಾವುದೂ ಇದನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ನೀರು ಹರಿಯದ ಮೂಲೆ, ಕೊಳೆತ ಕಸ, ನೈಟ್ರೇಟ್ ಸೊನ್ನೆಗೆ ಇಳಿದದ್ದು ಇದರ ಗುರುತು.

ಕೊಳವೆಯಿಂದ ಪದರಗಳನ್ನು ಹೀರಿ ತೆಗೆಯಿರಿ. ಬಾಯಿಂದ ಎಳೆಯಬೇಡಿ, ಕೆಲವು ಜಾತಿಗಳು ವಿಷ ಮಾಡುತ್ತವೆ. ಕೈಯಲ್ಲಿ ಗಾಯವಿದ್ದರೆ ಗವಸು ಹಾಕಿ. ಫಿಲ್ಟರ್ ನೀರು ಆ ಮೂಲೆಗೆ ಬೀಳುವಂತೆ ತಿರುಗಿಸಿ, ಆಮೇಲೆ ಮೇಲೆ ಹೇಳಿದ ಕತ್ತಲೆ ಚಿಕಿತ್ಸೆ. ಮುಂಭಾಗದ ಗಾಜಿಗೆ ತಾಗಿದ ಮಣ್ಣಿನಲ್ಲಿ ಮಾತ್ರ ಹಸಿರು ಗೆರೆ ಇದ್ದರೆ ಅಷ್ಟು ಎತ್ತರಕ್ಕೆ ಹೊರಗಿನಿಂದ ಕಪ್ಪು ಟೇಪ್ ಅಂಟಿಸಿದರೆ ಸಾಕು. ಎರಿಥ್ರೋಮೈಸಿನ್ ಮಾತ್ರೆ ಪುಡಿ ಮಾಡಿ ಹಾಕಿ ಅನ್ನುವವರಿದ್ದಾರೆ. ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು, ಆ ನೀರು ಕೊನೆಗೆ ಚರಂಡಿಗೇ ಹೋಗುತ್ತದೆ. ಮನುಷ್ಯರ ಆಂಟಿಬಯಾಟಿಕ್ ತೊಟ್ಟಿಗೆ ಬೇಡ.

## ಮೀನು ಮೇಲೆ ಬಂದು ಬಾಯಿ ಬಿಡುತ್ತಿದೆ

ಪಾಚಿಯ ಕೆಲಸ ತಕ್ಷಣ ನಿಲ್ಲಿಸಿ. ಕಾರ್ಬನ್ ಡೈಆಕ್ಸೈಡ್ ಆಫ್, ಗಾಳಿ ಪಂಪ್ ಆನ್, ಕ್ಲೋರಿನ್ ತೆಗೆದ ಅದೇ ಉಷ್ಣತೆಯ ನೀರಿನಿಂದ ಅರ್ಧ ಬದಲಿಸಿ. ಆಮೇಲೆ ಅಮೋನಿಯಾ ಪರೀಕ್ಷೆ. ಅರ್ಧ ಗಂಟೆಯಲ್ಲಿ ಸುಧಾರಿಸದಿದ್ದರೆ ಮೀನುಗಳನ್ನು ಬೇರೆ ನೀರಿನ ಬಕೆಟ್ಟಿಗೆ, ಗಾಳಿ ಪಂಪಿನ ಗುಳ್ಳೆ ಕಲ್ಲಿನ ಜೊತೆ, ಸಾಗಿಸಿ.

## ಪಾಚಿ ತಿನ್ನುವ ಮೀನು ತರುವ ಮುನ್ನ

ಸಕ್ಕರ್ ಫಿಶ್ ಅಂಗಡಿಯಲ್ಲಿ ಎರಡು ಇಂಚು, ದೊಡ್ಡದಾದರೆ ಒಂದಡಿ ದಾಟುತ್ತದೆ. ಪಾಚಿಗಿಂತ ಜಾಸ್ತಿ ಹಿಕ್ಕೆ ಹಾಕುತ್ತದೆ. ಕಪ್ಪು ಗಡ್ಡ ತಿನ್ನುವುದು ಸಯಾಮೀಸ್ ಆಲ್ಗೆ ಈಟರ್. ಅದರ ಮೈಯ ಕಪ್ಪು ಪಟ್ಟಿ ಬಾಲದ ತುದಿವರೆಗೂ ಹೋಗುತ್ತದೆ. ಅದರ ಹೆಸರಲ್ಲಿ ಬೇರೆ ಮೀನು ಮಾರುವುದೂ ಉಂಟು. ಚೈನೀಸ್ ಆಲ್ಗೆ ಈಟರ್ ಬೆಳೆದ ಮೇಲೆ ಬೇರೆ ಮೀನುಗಳ ಮೈಗೇ ಅಂಟುತ್ತದೆ. ನನ್ನ ಆಯ್ಕೆ ನೆರೈಟ್ ಬಸವನಹುಳು. ಅಲ್ಲಲ್ಲಿ ಬಿಳಿ ಮೊಟ್ಟೆ ಅಂಟಿಸುತ್ತದೆ, ಸಿಹಿನೀರಿನಲ್ಲಿ ಅವು ಮರಿಯಾಗಲ್ಲ.

## ಯಾವಾಗ ಬೇರೆಯವರನ್ನು ಕೇಳಬೇಕು

ಬೆಳಕು, ಊಟ, ನೀರು ಸರಿ ಮಾಡಿ ಆರು ವಾರ ಆದರೂ ಪಾಚಿ ಹೆಚ್ಚುತ್ತಲೇ ಇದ್ದರೆ, ನೀರು ಬದಲಿಸಿದ ಮೇಲೂ ಅಮೋನಿಯಾ ಮತ್ತೆ ಮತ್ತೆ ಬರುತ್ತಿದ್ದರೆ, ಅಥವಾ ಮೀನಿನ ಮೈಮೇಲೆ ಹುಣ್ಣು, ಬಿಳಿ ಹತ್ತಿಯಂಥದ್ದು ಕಂಡರೆ, ಗಿಡದ ತೊಟ್ಟಿ ಇಟ್ಟು ಅನುಭವ ಇರುವವರನ್ನು ಹುಡುಕಿ. "ಪಾಚಿ ಬಂದಿದೆ, ಏನ್ ಮಾಡ್ಲಿ" ಅಂತ ಮಾತ್ರ ಕೇಳಿದರೆ ಅವರಿಗೂ ಗೊತ್ತಾಗಲ್ಲ. ಹಗಲು ಬೆಳಕಿನಲ್ಲಿ ತೆಗೆದ ಹತ್ತಿರದ ಫೋಟೋ, ಲೈಟಿನ ಗಂಟೆ, ನೀರಿನ ಮೂಲ, ನೈಟ್ರೇಟ್-ಫಾಸ್ಫೇಟ್ ಅಂಕಿ, ಮೀನಿನ ಸಂಖ್ಯೆ, ಇದುವರೆಗೆ ಏನೇನು ಹಾಕಿದಿರಿ, ಇಷ್ಟು ಕೊಡಿ. ಕೊನೆಯದನ್ನು ಮುಚ್ಚಿಡಬೇಡಿ.

ಕಿತ್ತ ಪಾಚಿ, ಹೆಚ್ಚಾದ ಅಂತರಗಂಗೆ, ಬೇಡವಾದ ಸಕ್ಕರ್ ಫಿಶ್ ಯಾವುದನ್ನೂ ಕೆರೆಗೆ ಬಿಡಬೇಡಿ. ಸಕ್ಕರ್ ಈಗಾಗಲೇ ದೇಶದ ಎಷ್ಟೋ ಕೆರೆ-ಹೊಳೆಗಳಲ್ಲಿ ನೆಲೆಯೂರಿ ಮೀನುಗಾರರ ಬಲೆ ಹರಿಯುತ್ತಿದೆ. ಮೀನನ್ನು ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಪಾಚಿ, ಗಿಡವನ್ನು ಬಿಸಿಲಲ್ಲಿ ಒಣಗಿಸಿ ಕುಂಡಕ್ಕೆ ಹಾಕಿ. ನಮ್ಮ ಬಾಲ್ಕನಿಯ ಕರಿಬೇವು ಅದರಲ್ಲೇ ಚಿಗುರಿದ್ದು.